ರಕ್ತ ಹೇಳುವ ಮೊದಲೇ

ಶ್ರೀರಂಗಪಟ್ಟಣ
13-8-1996

ಸಿದ್ದಲಿಂಗಮ್ಮನವರಿಗೆ,

ಮೂರು ವರ್ಷದಿಂದ ಒಂದಕ್ಷರ ಬರೆಯದವಳು ಇವತ್ತು ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ನನ್ನಪ್ಪ ನಂಜಪ್ಪನವರ ಎರಡನೇ ಹೆಂಡತಿಗೆ ನಾನು ಮಗಳಾಗಿ ಬರೆಯುತ್ತಿಲ್ಲ. ಲ್ಯಾಬಿನವಳಾಗಿ ಬರೆಯುತ್ತಿದ್ದೇನೆ.

ನೀವು ತೋರಿಸುತ್ತಿರುವ ಡಾಕ್ಟರ್ ಶಿವಶಂಕರ್ ಸೋಮವಾರ ಸೋಮವಾರ ನಾಗಮಂಗಲಕ್ಕೆ ಬಂದು ಹೋಗುತ್ತಾರಲ್ಲ, ಅಲ್ಲಿ ಆಗದ ಪರೀಕ್ಷೆಗಳ ರಕ್ತವನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ನಮ್ಮ ಲ್ಯಾಬಿಗೆ ತಂದುಕೊಡುತ್ತಾರೆ. ನಿನ್ನೆ ಏಳು ಟ್ಯೂಬು ಬಂದವು. ಯಂತ್ರಕ್ಕೆ ಹಾಕಿ ತಿರುಗಿಸಿದೆ. ಹಾಗೆ ತಿರುಗಿಸಿದರೆ ಕೆಂಪೆಲ್ಲ ಕೆಳಗೆ ಕೂತು, ಮೇಲೆ ತಿಳಿಯಾದ ಹಳದಿ ನೀರು ನಿಲ್ಲಬೇಕು. ಆರರಲ್ಲಿ ನಿಂತಿತ್ತು. ಏಳನೆಯದರಲ್ಲಿ ಹಾಲು ನಿಂತಿತ್ತು. ಹಿಂದೆ ಬೆರಳಿಟ್ಟರೆ ಬೆರಳು ಕಾಣಲಿಲ್ಲ. ಇದ್ಯಾರಪ್ಪಾ ಪುಣ್ಯಾತ್ಮರು ಎಂದು ಚೀಟಿ ತಿರುಗಿಸಿ ನೋಡಿದೆ. ‘ಸಿದ್ದಲಿಂಗಮ್ಮ, 44, ಅಂಗನವಾಡಿ ಸಹಾಯಕಿ, ದೇವಲಾಪುರ. ಎಡಗಾಲಿನ ಹೆಬ್ಬೆರಳಲ್ಲಿ ಹುಣ್ಣು’ ಎಂದಿತ್ತು.

ಕೂತಿದ್ದ ಸ್ಟೂಲಿನಿಂದ ಎದ್ದು, ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಸರನ್ನು ಇನ್ನೊಮ್ಮೆ ಓದಿದೆ.

ನಿಮ್ಮ ಸಕ್ಕರೆ ಇನ್ನೂರ ಅರವತ್ತೆಂಟು. ಬರಿಹೊಟ್ಟೆಯಲ್ಲಿ ನೂರಾ ಹತ್ತು ದಾಟಬಾರದು. ಟ್ರೈಗ್ಲಿಸರೈಡ್ ಎನ್ನುವ ಕೊಬ್ಬು ರಕ್ತದಲ್ಲಿ ನೂರಾ ಐವತ್ತರ ಆಸುಪಾಸು ಇರಬೇಕು. ನಿಮ್ಮದು ಸಾವಿರದ ನೂರಾ ನಲವತ್ತು. ನಂಬಿಕೆ ಬಾರದೆ ಎರಡು ಸಲ ಮಾಡಿದೆ. ಈ ರಕ್ತ ಇಟ್ಟುಕೊಂಡು ಕಾಲಿನ ಹುಣ್ಣು ವಾಸಿಯಾಗುವುದಿಲ್ಲ. ಬೆರಳು ಹೋಗುತ್ತದೆ, ಆಮೇಲೆ ಪಾದ.

ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿನ್ನುತ್ತೀರಿ ಎಂದು ಬರೆದು ಕಳಿಸಿ. ಅಷ್ಟು ಸಾಕು. ಮನೆಯ ವಿಷಯ ಬೇಡ.

ಪವಿತ್ರ
ಲ್ಯಾಬ್ ಟೆಕ್ನಿಷಿಯನ್


ದೇವಲಾಪುರ
22-8-96

ಮಗಳು ಪವಿತ್ರಂಗೆ,

ಲ್ಯಾಬಿನವರಿಗೆ ಎಂಗೆ ಕಾಗದ ಬರೀಬೇಕು ಅಂತ ನಮ್ಗೆ ನಾಕನೇ ಕ್ಲಾಸಲ್ಲಿ ಹೇಳ್ಕೊಟ್ಟಿರ್ನಿಲ್ಲ ಕಣವ್ವ. ಅದ್ಕೆ ಮಗಳಿಗೆ ಅಂತ್ಲೇ ಬರ್ದಿವ್ನಿ. ಬ್ಯಾಡ ಅಂದ್ರೆ ನಿನ್ ಪೆನ್ನಲ್ಲೇ ಹೊಡ್ದಾಕ್ಕೊ.

‘ನಾವೆಲ್ಲ ಇಲ್ಲಿ ಚೆನ್ನಾಗಿದ್ದೀವಿ’ ಅಂತ ಮೊದ್ಲು ಬರ್ದು ಆಮೇಲೆ ನಾನೇ ನಕ್ಕಂಡೆ. ನಾವೆಲ್ಲ ಅಂದ್ರೆ ಯಾರು, ನಾನೂ ಆ ಕಂತ್ರಿ ಬೆಕ್ಕೂ. ಅದೂ ಮೂರು ದಿನದಿಂದ ಮನೆ ಕಡೆ ತಲೆ ಹಾಕಿಲ್ಲ.

ನೀನು ಕೇಳಿದ್ದು. ಬೆಳಗಾನ ಒಂದು ಮುದ್ದೆ ಹಿಟ್ಟು, ಸೊಪ್ಪಿನ ಸಾರು. ಮದ್ಯಾನ ಅಂಗನವಾಡೀಲಿ ವಸಿ ಅನ್ನ. ರಾತ್ರಿಕೆ ಹಿಟ್ಟು, ಹುರುಳಿ ಸಾರು. ಇದ್ರಲ್ಲಿ ಹಾಲೆಲ್ಲಿಂದ ಬಂತೋ, ಕೊಬ್ಬೆಲ್ಲಿಂದ ಬಂತೋ ನಾ ಕಾಣೆ. ನಿಮ್ಮ ಮಿಷನ್ನು ಕೆಟ್ಟಿರ್ಬೇಕು, ವಸಿ ಎಣ್ಣೆ ಬುಟ್ಟು ನೋಡು.

ಕಾಲಿಂದು ಏನಿಲ್ಲ. ಮಕ್ಕಳ ಅಡಿಗೆ ಪಾತ್ರೆ ಇಳ್ಸೋವಾಗ ಬೆರಳ ಮ್ಯಾಲೆ ಬಿತ್ತು. ಅರಿಸಿನ ಒತ್ತಿವ್ನಿ. ಗಾಯ ಅಂದ್ಮೇಲೆ ಅದೂ ನಾಕು ದಿನ ಇದ್ದೇ ಹೋಗ್ತದೆ.

ಮನೆ ವಿಷ್ಯ ಬ್ಯಾಡ ಅಂದಿದ್ದೀಯ, ಬರಿಯಕ್ಕಿಲ್ಲ. ಒಂದು ಮಾತ್ರ. ನಿಂಗೆ ಒಂಬತ್ತು ವರ್ಷ ಆಗಿದ್ದಾಗಿಂದ ಸಾಕಿದೋಳು ನಾನು. ನೀನಿರೋ ತಾವ್ಕೆ ಬರಾಕೆ ನಂಗೆ ಮುಖ ಇರ್ನಿಲ್ಲ. ನನ್ ರಕ್ತನಾದ್ರೂ ಬಂತಲ್ಲ ನಿನ್ ಕೈಗೆ, ಅಷ್ಟೇ ಸಾಕು ಬುಡು.

ನಿನ್ನ ಚಿಕ್ಕವ್ವ
ಸಿದ್ದಲಿಂಗಮ್ಮ


ಶ್ರೀರಂಗಪಟ್ಟಣ
3-9-1996

ಚಿಕ್ಕವ್ವನವರಿಗೆ,

ಯಂತ್ರ ಕೆಟ್ಟಿಲ್ಲ. ಕೆಟ್ಟಿದ್ದರೆ ಉಳಿದ ಆರು ಜನರದ್ದೂ ಹಾಲಾಗಬೇಕಿತ್ತು.

ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ, ತಮಾಷೆ ಮಾಡದೆ ಓದಿ. ನಮ್ಮ ಕೆರೆಯ ನೀರುಗಂಟಿ ದ್ಯಾವಯ್ಯ ಇದ್ದಾನಲ್ಲ. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಎಂದು ನೀರು ಬಿಡುವವನು ಅವನು. ಊಟ ಮಾಡಿದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ಮೈಯೊಳಕ್ಕೆ ಬಿಡುವುದಕ್ಕೂ ಒಬ್ಬ ನೀರುಗಂಟಿ ಇದ್ದಾನೆ. ಅವನ ಹೆಸರು ಇನ್ಸುಲಿನ್. ಹೊಟ್ಟೆಯ ಹಿಂದೆ ಒಂದು ಗ್ರಂಥಿ ಇದೆ, ಅವನ ಮನೆ ಅದು. ರಕ್ತದಲ್ಲಿ ಕೊಬ್ಬು ಹೆಚ್ಚಾದರೆ ಮೊದಮೊದಲು ಅದು ಅವನನ್ನು ಎಬ್ಬಿಸಿ ಎಬ್ಬಿಸಿ ದುಡಿಸುತ್ತದೆ. ತಿಂಗಳುಗಟ್ಟಲೆ ಹಾಗೇ ಇದ್ದರೆ ಗದ್ದೆಯ ಬಾಯಿಗೆಲ್ಲ ಜೊಂಡು ಕಟ್ಟಿಕೊಂಡ ಹಾಗಾಗುತ್ತದೆ. ಅವನು ಎಷ್ಟು ಗುದ್ದಾಡಿದರೂ ನೀರು ಒಳಗೆ ಹೋಗುವುದಿಲ್ಲ. ಕೊನೆಗೆ ಅವನೂ ಬಸವಳಿದು ಕೂತುಬಿಡುತ್ತಾನೆ. ಅವನು ಕೂತರೆ ಕೊಬ್ಬನ್ನು ರಕ್ತದಿಂದ ತೆಗೆಯುವವರೂ ಇಲ್ಲ. ಕಾಲುವೆ ತುಂಬಿ ಕೊಳೆಯುತ್ತದೆ, ಗದ್ದೆ ಒಣಗುತ್ತದೆ. ನಿಮಗೆ ಈಗ ಆಗಿರುವುದು ಅದೇ. ಸುಸ್ತು, ಬಾಯಾರಿಕೆ, ಮಾಯದ ಹುಣ್ಣು ಎಲ್ಲ ಅದರದ್ದೇ.

ಇನ್ನೊಂದು. ಕಾಳು, ಬೇಳೆ, ಮೊಟ್ಟೆ, ಇವುಗಳ ಪ್ರೋಟೀನು ಊಟದ ಜೊತೆ ಬಂದರೆ ನೀರುಗಂಟಿ ಬೇಗ ಎದ್ದು ಬರುತ್ತಾನೆ. ಅದಕ್ಕೇ ಬರೀ ಅನ್ನ, ಬರೀ ಬನ್ನು ತಿನ್ನಬಾರದು ಎನ್ನುವುದು. ನಿಮ್ಮ ರಕ್ತದಲ್ಲಿ ಉಳಿದಿದ್ದ ಒಂದು ತೊಟ್ಟಿನಲ್ಲಿ ಪ್ರೋಟೀನನ್ನೂ ನೋಡಿದೆ. ಡಾಕ್ಟರು ಬರೆದಿರಲಿಲ್ಲ, ನಾನೇ ನೋಡಿದೆ. ಪಾತಾಳಕ್ಕಿಳಿದಿದೆ. ಹುಣ್ಣಿದ್ದರೂ ಇಳಿಯುತ್ತದೆ, ಒಪ್ಪಿದೆ. ಆದರೆ ದಿನಾ ಹುರುಳಿ ಸಾರು ಉಣ್ಣುವವರ ರಕ್ತ ಇದಲ್ಲ ಚಿಕ್ಕವ್ವ. ದೇವಲಾಪುರದಲ್ಲಿ ಎರಡು ಹೊತ್ತು ಮುದ್ದೆ ಸಾರು ಉಂಡು ಮೈಬಗ್ಗಿಸಿ ದುಡಿಯುವವರ ರಕ್ತ ನಾನೂ ನೋಡಿದ್ದೇನೆ.

ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ. ಮುಚ್ಚಿಡುವುದು ನಿಮಗೆ ಹೊಸದಲ್ಲ.

ಮಾತ್ರೆ ತಪ್ಪಿಸಬೇಡಿ. ಕಾಲಿಗೆ ಅರಿಸಿನ ಒತ್ತಬೇಡಿ. ಬರಿಗಾಲಲ್ಲಿ ಓಡಾಡಬೇಡಿ.

ಪವಿತ್ರ


ದೇವಲಾಪುರ
4-10-96

ಪವಿ,

ನಿನ್ ಕಾಗದಾನ ದ್ಯಾವಯ್ಯಂಗೆ ಓದಿ ಹೇಳ್ದೆ. ‘ನೋಡು ದ್ಯಾವಯ್ಯ, ನನ್ ಹೊಟ್ಟೆ ಒಳ್ಗೂ ಒಬ್ಬ ನೀರುಗಂಟಿ ಅವ್ನಂತೆ, ಬಸವಳಿದು ಕೂತವ್ನಂತೆ’ ಅಂದೆ. ಅವ್ನು ಬೀಡಿ ಕಿವಿಗೆ ಸಿಗಸ್ಕಂಡು ಏನಂದ ಗೊತ್ತಾ? ‘ಊರ ನೀರುಗಂಟಿಗೇ ಯಾರೂ ಒಂದು ಲೋಟ ಮಜ್ಜಿಗೆ ಕೊಡಾಕಿಲ್ಲ ಕಣಮ್ಮೋ, ಹೊಟ್ಟೆ ಒಳಗಿನವ್ನ ಯಾರು ಕೇಳಾರು’ ಅಂದ. ಪಾಪ, ಅವ್ನಿಗೂ ವಯಸ್ಸಾಯ್ತು. ತೂಬಿನ ಮೆಟ್ಲು ಇಳಿಯಾಕೆ ಈಗ ಕೋಲು ಹಿಡೀತಾನೆ.

ನಮ್ಮ ಟೀಚರು ಚಲುವಮ್ಮ ಅಂತೂ ನಿನ್ ಮಾತ ಕೇಳಿ ಬಿದ್ದು ಬಿದ್ದು ನಕ್ರು. ‘ಸಿದ್ದಲಿಂಗಮ್ಮನ ಕೊಬ್ಬು ನಾಲಿಗೇಲಿ ಮಾತ್ರ ಐತೆ ಅಂದ್ಕಂಡಿದ್ದೆ, ರಕ್ತದಲ್ಲೂ ಐತಾ’ ಅಂತವ್ರೆ. ಮಕ್ಕಳೂ ಏನು ಅಂತ ಗೊತ್ತಿಲ್ದೆ ನಕ್ಕವು.

ಈಗ ಒಳ್ಳೆ ಸುದ್ದಿ ಕೇಳು. ಓದ್ ಸೋಮವಾರ ನಾಗಮಂಗಲದಲ್ಲೇ ಸಕ್ಕರೆ ನೋಡುದ್ರು. ನೂರಾ ಹದ್ನೆಂಟು! ಡಾಕ್ಟ್ರು ‘ಭೇಷ್’ ಅಂದ್ರು. ನೀನು ಬಯ್ದಿದ್ದಕ್ಕೇ ಇಳೀತು ಅನ್ಸತದೆ. ಬೈಗುಳಕ್ಕೆ ಇಷ್ಟು ಶಕ್ತಿ ಇದ್ರೆ ದಿನಾ ಒಂದು ಕಾಗದ ಬರ್ದು ಬೈ ಕಣವ್ವ, ನಂಗೇನು ಬ್ಯಾಸರ ಇಲ್ಲ.

ಕಾಲೂ ವಾಸಿ. ನಾನು ಚೆನ್ನಾಗಿವ್ನಿ. ನೀನು ಎಲ್ಲಿ ಉಣ್ತೀಯ, ಏನು ಉಣ್ತೀಯ? ಲ್ಯಾಬಿನೋರು ಅದ್ನ ಹೇಳ್ಬಾರ್ದು ಅಂತ ಕಾನೂನು ಇದ್ರೆ ಬ್ಯಾಡ ಬುಡು.

ಚಿಕ್ಕವ್ವ


ಶ್ರೀರಂಗಪಟ್ಟಣ
19-11-1996

ಚಿಕ್ಕವ್ವ,

ನೂರಾ ಹದಿನೆಂಟು ಹೇಗೆ ಬಂತು ಎಂದು ನಾನು ಹೇಳಲೇ? ಶನಿವಾರ, ಭಾನುವಾರ ಎರಡು ದಿನ ನೀರು ಕುಡಿದುಕೊಂಡು ಕೂತು ಸೋಮವಾರ ಹೋಗಿ ರಕ್ತ ಕೊಟ್ಟಿರಿ. ಡಾಕ್ಟರು ಭೇಷ್ ಎಂದರು. ನೀವು ಬಸ್ಸಿಳಿದು ಮತ್ತೆ ಶುರು ಮಾಡಿದಿರಿ.

ಡಾಕ್ಟರಿಗೂ ಅನುಮಾನ ಬಂದು ಹೋದ ಸೋಮವಾರ ಇನ್ನೊಂದು ಟ್ಯೂಬು ತುಂಬಿಕೊಂಡರಲ್ಲ, ಅದನ್ನು ಹೊಸ ಪರೀಕ್ಷೆಯೊಂದಕ್ಕೆ ಮೈಸೂರಿಗೆ ಕಳಿಸಿದ್ದೆವು. ರಕ್ತವನ್ನು ಕೆಂಪಗೆ ಮಾಡುವುದೂ ಒಂದು ಪ್ರೋಟೀನೇ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅದಕ್ಕೆ ಅಂಟಿಕೊಳ್ಳುತ್ತದೆ. ಒಂದು ಸಲ ಅಂಟಿಕೊಂಡರೆ ಎರಡು ದಿನ ಉಪವಾಸ ಮಾಡಿದರೂ ಬಿಡುವುದಿಲ್ಲ. ಎರಡು ಮೂರು ತಿಂಗಳ ಕಥೆಯನ್ನೆಲ್ಲ ಅದು ಹೇಳಿಬಿಡುತ್ತದೆ. ಆರರ ಒಳಗಿರಬೇಕು. ನಿಮ್ಮದು ಹನ್ನೊಂದೂವರೆ.

ನಿಮ್ಮ ರಕ್ತ ನಿಮಗಿಂತ ಸಾವಿರ ಪಾಲು ಸತ್ಯವಂತ.

ಮನೆಯ ವಿಷಯ ಬೇಡ ಎಂದವಳು ನಾನೇ. ಇವತ್ತು ನಾನೇ ಎತ್ತುತ್ತೇನೆ. ತೊಂಬತ್ತಮೂರರ ಜೂನ್ ತಿಂಗಳಲ್ಲಿ ನೀವು ಮೈಸೂರಿನ ಹಾಸ್ಟೆಲಿಗೆ ಬರೆದ ಕಾಗದ ಇನ್ನೂ ನನ್ನ ಟ್ರಂಕಿನಲ್ಲಿದೆ. ‘ನಿಮ್ಮಪ್ಪ ಚೆನ್ನಾಗವ್ರೆ, ನೀನು ಮನಸಿಟ್ಟು ಪರೀಕ್ಷೆ ಬರಿ.’ ಅಷ್ಟೇ. ಅದಕ್ಕೆ ಅಂಚೆಯವರು ಮುದ್ರೆ ಒತ್ತಿದ ದಿನ ಅಪ್ಪನಿಗೆ ಕಾಮಾಲೆ ಏರಿ ಮಾತು ನಿಂತು ಹೋಗಿತ್ತು. ನಾನು ಪರೀಕ್ಷೆ ಮುಗಿಸಿ, ಅಪ್ಪನಿಗೆಂದು ಒಂದು ಹೊಸ ಟವೆಲು ತೆಗೆದುಕೊಂಡು ಬಸ್ಸಿಳಿದರೆ, ಅಪ್ಪನನ್ನು ಹೂತ ಗುಂಡಿಯ ಮೇಲಿನ ಮಣ್ಣೂ ಒಣಗಿತ್ತು. ಐದು ದಿನವಾಗಿತ್ತಂತೆ.

ನೀವು ‘ಚೆನ್ನಾಗಿವ್ನಿ’ ಎಂದು ಬರೆದಾಗ ನನಗೆ ಏನಾಗುತ್ತದೆ ಗೊತ್ತೇ? ಆ ಟವೆಲು ನೆನಪಾಗುತ್ತದೆ. ಇನ್ನೊಂದು ಸಲ ಐದು ದಿನ ತಡವಾಗಿ ಬಂದು ಇಳಿಯಲು ನನ್ನ ಕೈಲಾಗುವುದಿಲ್ಲ.

ಏನು ತಿನ್ನುತ್ತಿದ್ದೀರಿ? ನಿಜ ಹೇಳಿ.

ಪವಿತ್ರ


ದೇವಲಾಪುರ
20-1-97

ಪವಿ ಮಗ,

ಎರಡು ತಿಂಗಳು ಬರೀನಿಲ್ಲ. ಬರೆಯಾಕೆ ಕೂತ್ಕಂಡ್ರೆ ಕೈಯೇ ಓಡ್ನಿಲ್ಲ.

ನಿಮ್ಮಪ್ಪ ಮಲಗಿದ ಮೂರನೇ ದಿನ ನನ್ ಕೈನ ಎದೆ ಮ್ಯಾಲೆ ಮಡಿಕ್ಕಂಡು, ‘ಮಗಿಗೆ ಪರೀಕ್ಷೆ ಮುಗಿಯಗಂಟ ಹೇಳ್ಬ್ಯಾಡ ಸಿದ್ದು, ನನ್ನಾಣೆ. ಓದಿ ಒಂದು ಕೆಲಸ ಹಿಡುದ್ರೆ ಯಾರ ಹಂಗೂ ಇಲ್ದೆ ಬದುಕ್ತದೆ’ ಅಂದ್ರು. ನಾನು ಒಪ್ಕಂಡೆ. ಇನ್ನೆರಡು ದಿನಕ್ಕೆ ಎದ್ದು ಕೂತ್ಕತಾರೆ ಅಂತ್ಲೇ ನಂಬಿದ್ದೆ ಕಣವ್ವ. ಔಷಧಿ ಸೊಪ್ಪು ಅರೆದು ಅರೆದು ನನ್ ಕೈಯೆಲ್ಲ ಹಸುರಾಗಿತ್ತು. ಆ ಕೈಲೇ ಆ ಕಾಗದ ಬರ್ದೆ.

ತಪ್ಪು ಅಂದ್ರೆ ತಪ್ಪು. ಅವ್ರ ಆಣೆ ಉಳಿಸ್ಕಂಡು ನಿನ್ನ ಕಳ್ಕಂಡೆ. ಇದ್ನ ಮೂರು ವರ್ಷದಿಂದ ಹೇಳ್ಬೇಕು ಅಂದ್ಕಂಡಿದ್ದೆ. ಹೇಳುದ್ರೆ ಸತ್ತೋರ ಮ್ಯಾಲೆ ತಪ್ಪು ಹೊರ್ಸಿ ತಾನು ತಪ್ಪಿಸ್ಕಂಡ್ಳು ಅಂತೀಯ ಅಂತ ಸುಮ್ನಾದೆ.

ಇನ್ನು ರಕ್ತ ಕೊಡಾಕೆ ನಾನು ನಾಗಮಂಗಲಕ್ಕೆ ಹೋಗಾಕಿಲ್ಲ. ನನ್ ರಕ್ತ ನನ್ ಮ್ಯಾಲೇ ಚಾಡಿ ಹೇಳೋದು, ನೀನು ಅಲ್ಲಿ ಕೂತು ಸಂಕಟ ಪಡೋದು, ಯಾತಕ್ಕೆ? ನೀನು ನಿನ್ ಕೆಲಸ ನೋಡ್ಕೊ. ನಿಮ್ಮಪ್ಪ ಅಂದಂಗೆ ಆಯ್ತಲ್ಲ, ಯಾರ ಹಂಗಿಲ್ದೆ ಬದುಕ್ತಾ ಇದ್ದೀಯ. ನಂಗೆ ಅಷ್ಟು ಸಾಕು.

ಚಿಕ್ಕವ್ವ


ದೇವಲಾಪುರ
6-2-1997

ಪವಿತ್ರ ಅವರಿಗೆ,

ನಾನು ಚಲುವಮ್ಮ, ಇಲ್ಲಿನ ಅಂಗನವಾಡಿ ಟೀಚರ್. ನಿಮ್ಮ ಚಿಕ್ಕವ್ವ ನನ್ನ ಜೊತೆ ಕೆಲಸ ಮಾಡುತ್ತಾರೆ. ನಾನು ಕೆ.ಆರ್. ಪೇಟೆ ಕಡೆಯವಳು, ಈ ಊರಿಗೆ ಬಂದು ನಾಲ್ಕು ವರ್ಷವಾಯಿತು. ನಿಮ್ಮನ್ನು ನೋಡಿದ್ದು ಒಂದೇ ಒಂದು ಸಲ, ನಿಮ್ಮ ತಂದೆ ತೀರಿಕೊಂಡು ನೀವು ಬಂದ ದಿನ. ಅವತ್ತು ನಾನೂ ನಿಮ್ಮ ಮನೆಯ ಜಗಲಿಯಲ್ಲಿದ್ದೆ. ನಾನು ಬರೆದೆನೆಂದು ಅವರಿಗೆ ತಿಳಿಸಬೇಡಿ. ತಿಳಿದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಅವತ್ತು ಬಿಸಿಲಲ್ಲಿ ಬಂದಿರಿ. ಅತ್ತು ಅತ್ತು ಸುಸ್ತಾಗಿದ್ದಿರಿ. ಸಿದ್ದಲಿಂಗಮ್ಮ ಬಿಸಿ ಮುದ್ದೆ ಕಟ್ಟಿ, ತಟ್ಟೆ ತಂದು ಮುಂದಿಟ್ಟರು. ನೀವು ತಟ್ಟೆ ತಳ್ಳಿ, ‘ಸುಳ್ಳು ಬರೆದ ಕೈ ಇದು. ಈ ಕೈಲಿ ಕಟ್ಟಿದ ಹಿಟ್ಟು ಈ ಜನ್ಮದಲ್ಲಿ ಉಣ್ಣಲ್ಲ’ ಎಂದು ಎದ್ದು ಹೋದಿರಿ. ನಿಮಗೆ ನೆನಪಿದೆಯೋ ಇಲ್ಲವೋ.

ನೀವು ಅತ್ತ ಹೋದ ಮೇಲೆ ಅವರು ಆ ಮುದ್ದೆ ಎತ್ತಿ ಹಸುವಿನ ಕಲಗಚ್ಚಿಗೆ ಹಾಕಿದರು. ಹಿಟ್ಟು ತಿರುವುವ ಕೋಲನ್ನು ತೊಳೆದು, ಅರಿಸಿನ ಬಳಿದು, ಒಲೆಯ ಮೇಲಿನ ಗೋಡೆಗೆ ಸಿಕ್ಕಿಸಿದರು. ‘ನನ್ ಮಗಳು ಈ ಕೈಯ ಹಿಟ್ಟು ಉಣ್ಣಗಂಟ ನಂಗೂ ಹಿಟ್ಟು ಬ್ಯಾಡ’ ಎಂದರು. ಕೋಪದಲ್ಲಿ ಅಂದದ್ದು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಇವತ್ತಿಗೂ ಆ ಕೋಲು ಅಲ್ಲೇ ಇದೆ.

ಮುದ್ದೆ ಇಲ್ಲದ ಮೇಲೆ ಸಾರು ಯಾಕೆ ಎಂದು ಒಲೆ ಹಚ್ಚುವುದನ್ನೇ ಬಿಟ್ಟಿದ್ದಾರೆ. ಒಬ್ಬಳಿಗೆ ಯಾರು ಬೇಯಿಸುತ್ತಾರೆ ಎನ್ನುತ್ತಾರೆ. ಬೆಳಿಗ್ಗೆ ಹೆಚ್ಚು ಬೆಲ್ಲ ಹಾಕಿದ ಕಾಫಿಗೆ ಎರಡು ಬನ್ನು. ಮಧ್ಯಾಹ್ನ ಮಕ್ಕಳ ಜೊತೆ ಬರೀ ಅನ್ನ. ಸಂಜೆ ಬಸ್ ನಿಲ್ದಾಣದ ಹೋಟೆಲಿನಿಂದ ಡಾಲ್ಡಾದಲ್ಲಿ ಕರಿದ ಬೋಂಡ, ರಾತ್ರಿ ಅವಲಕ್ಕಿಗೆ ಹಾಲು ಸಕ್ಕರೆ. ಮೂರು ವರ್ಷದಿಂದ ಇದೇ. ನಾನು ಸಾರು ತಂದುಕೊಟ್ಟರೆ ಬೆಕ್ಕಿಗೆ ಹಾಕುತ್ತಾರೆ. ನಿಮಗೆ ಮಾತ್ರ ಹಿಟ್ಟು ಸಾರು ಎಂದು ಬರೆಯುತ್ತಾರೆ. ಬರೆಯುವಾಗ ನನ್ನ ಮುಖ ನೋಡುವುದಿಲ್ಲ.

ಬೆರಳು ಕಪ್ಪಾಗಿದೆ. ವಾಸನೆ ಬರುತ್ತಿದೆ. ಹೋದ ಸೋಮವಾರ ನಾನೊಬ್ಬಳೇ ಹೋಗಿ ಕೇಳಿದ್ದಕ್ಕೆ ಡಾಕ್ಟರು, ಈ ತಿಂಗಳು ಮುಗಿಯುವುದರೊಳಗೆ ದೊಡ್ಡಾಸ್ಪತ್ರೆಗೆ ಸೇರದಿದ್ದರೆ ಕಾಲೇ ತೆಗೆಯಬೇಕಾಗುತ್ತದೆ ಎಂದರು. ‘ತೆಗೀಲಿ ಬುಡಿ ಟೀಚರೇ, ನಾನೆಲ್ಲಿಗೆ ನಡೀಬೇಕು’ ಎನ್ನುತ್ತಾರೆ. ನನ್ನ ಮಾತಿಗೆ ಕಿವಿ ಕೊಡುವುದಿಲ್ಲ. ಸೋಮವಾರ ಹೇಗಾದರೂ ಮಾಡಿ ಡಾಕ್ಟರ ಹತ್ತಿರ ಒಂದು ಸಲ ಕರೆದುಕೊಂಡು ಬರುತ್ತೇನೆ. ಅಷ್ಟು ಮಾತ್ರ ನನ್ನ ಕೈಲಾಗುವುದು. ಮುಂದಿನದು ನಿಮ್ಮ ಕೈಲಿದೆ.

ಚಲುವಮ್ಮ


ಶ್ರೀರಂಗಪಟ್ಟಣ
ಸೋಮವಾರ, 10-2-1997, ಬೆಳಿಗ್ಗೆ

ಚಿಕ್ಕವ್ವಾ,

ಈ ಚೀಟಿ ಡಾಕ್ಟರ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ಅಂಚೆಯನ್ನು ಕಾಯುವಷ್ಟು ವ್ಯವಧಾನ ನನಗಿಲ್ಲ.

ನನ್ನ ಬಾಯಿಗೆ ಬೆಂಕಿ ಹಾಕ. ಅವತ್ತು ಅಪ್ಪನ ಮೇಲಿನ ಸಂಕಟವನ್ನೆಲ್ಲ ನಿನ್ನ ತಟ್ಟೆಯ ಮೇಲೆ ತೀರಿಸಿಕೊಂಡೆ. ಅಂದ ಮಾತು ಬಸ್ಸು ಪಾಂಡವಪುರ ದಾಟುವಷ್ಟರಲ್ಲೇ ನನಗೆ ಚುಚ್ಚಿತ್ತು. ಇಳಿದು ವಾಪಸು ಬರಲು ಸೊಕ್ಕು ಬಿಡಲಿಲ್ಲ. ನೀನು ಅದನ್ನು ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೀಯ ಎಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ನಿನ್ನ ರಕ್ತವನ್ನು ಮೂರು ಮೂರು ಸಲ ನೋಡಿದೆ. ಸಕ್ಕರೆ ಎಷ್ಟು, ಕೊಬ್ಬು ಎಷ್ಟು, ಪ್ರೋಟೀನು ಎಷ್ಟು ಎಂದು ಬರೆದೆ. ಯಾಕೆ ಎಂದು ಒಂದು ಸಲವಾದರೂ ನಾನೇ ಬಂದು ಕೇಳಬೇಕಿತ್ತು.

ನಾನು ಎಲ್ಲಿ ಉಣ್ಣುತ್ತೇನೆ ಎಂದು ನೀನು ಕೇಳಿದ್ದೆ. ಗಂಜಾಮಿನ ಒಂದು ಕೋಣೆಯಲ್ಲಿದ್ದೇನೆ, ಮೆಸ್ಸಿನಲ್ಲಿ ಅನ್ನ ಉಣ್ಣುತ್ತೇನೆ. ಭಾನುವಾರ ಅಲ್ಲಿ ಮುದ್ದೆ ಮಾಡುತ್ತಾರೆ. ನಾನು ಒಂದು ಸಲವೂ ಹಾಕಿಸಿಕೊಂಡಿಲ್ಲ. ಆಣೆಯೂ ಇಲ್ಲ, ಹರಕೆಯೂ ಇಲ್ಲ. ಬೇರೆಯವರ ಕೈಯದು ಗಂಟಲಿಗಿಳಿಯುವುದಿಲ್ಲ, ಅಷ್ಟೇ.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಹನ್ನೊಂದರ ಬಸ್ಸಿಗೆ ದೇವಲಾಪುರದಲ್ಲಿ ಇಳಿಯುತ್ತೇನೆ. ಹುರುಳಿ ನೆನೆಹಾಕು. ಗೋಡೆಯ ಕೋಲು ಕೆಳಗಿಳಿಸು. ಉಂಡು, ಸಂಜೆಯೇ ನಿನ್ನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ರಜ ಬರೆದು ಕೊಟ್ಟಿದ್ದೇನೆ. ಬರುವುದಿಲ್ಲ ಎಂದು ಹಟ ಮಾಡಿದರೆ ಎತ್ತಿಕೊಂಡು ಹೋಗುತ್ತೇನೆ, ನೀನು ಎಷ್ಟು ಹಗುರ ಆಗಿದ್ದೀಯ ಎಂದು ಡಾಕ್ಟರ ನವೆಂಬರಿನ ಚೀಟಿಯಲ್ಲೇ ತೂಕ ನೋಡಿದ್ದೇನೆ.

ನಿನ್ನ
ಪವಿ


ದೇವಲಾಪುರ
23-3-97, ಭಾನುವಾರ

ಪವಿ ಮಗಳಿಗೆ,

ನಾಳೆ ಚಲುವಮ್ಮ ಟೀಚರ ಜೊತೆ ನಾಗಮಂಗಲಕ್ಕೆ ಓಗಿ ರಕ್ತ ಕೊಡ್ತೀನಿ. ಈ ಕಾಗದಾನೂ ಟ್ಯೂಬಿನ ಜೊತೆ ಡಾಕ್ಟ್ರ ಕೈಲೇ ಕಳಿಸ್ತೀನಿ. ನೀನು ಮಿಷನ್ನಿಗೆ ಹಾಕಿ ತಿರುಗ್ಸೋಕೆ ಮುಂಚೆ ಇದ್ನ ಓದ್ಬೇಕು. ಆಮೇಲೆ ಮಿಷನ್ನು.

ಕಾಲು ಒಣಗ್ತಾ ಐತೆ. ನಿಜವಾಗ್ಲೂ ಒಣಗ್ತಾ ಐತೆ, ಬೇಕಾದ್ರೆ ಟೀಚರ ಕೇಳು. ಒಂದು ಬೆರಳು ಓದ್ರೆ ಓಯ್ತು, ಒಂಬತ್ತು ಅವಲ್ಲ. ಮೈಸೂರು ಆಸ್ಪತ್ರೆ ವಾರ್ಡಿನಲ್ಲಿ ನೀನು ಡಾಕ್ಟ್ರ ಮುಂದೆ ಅತ್ತಿದ್ದು ನೋಡಿ ಪಕ್ಕದ ಮಂಚದ ಅಜ್ಜಿ ‘ಬೆರಳು ಓಗಿದ್ದು ತಾಯಿಗೋ ಮಗಳಿಗೋ’ ಅಂತಿತ್ತು. ತಾಯಿ ಅಂದಳಲ್ಲ, ಇರ್ಲಿ ಬುಡು ಅಂದ್ಕಂಡೆ.

ಹೊಟ್ಟೆ ಒಳಗಿನ ದ್ಯಾವಯ್ಯನ್ನ ಸೀಸೇಲಿ ತುಂಬಿ ಕೊಟ್ಟವ್ರಲ್ಲ, ಅದ್ನ ನೀನು ಹೇಳ್ದಂಗೆ ಮಡಕೇಲಿ ಒದ್ದೆ ಮರಳಿನ ಮ್ಯಾಲೆ ಮಡಗಿವ್ನಿ. ದಿನಾ ಎರಡು ಹೊತ್ತು ಹೊಟ್ಟೆಗೆ ಚುಚ್ಕತೀನಿ. ದ್ಯಾವಯ್ಯ ಬಂದು ನೋಡಿ, ‘ನನ್ನೂ ಇಂಗೆ ಸೀಸೇಲಿ ಮಡಗುದ್ರೆ ತೂಬಿನ ಮೆಟ್ಲು ಇಳಿಯೋದು ತಪ್ಪತದೆ’ ಅಂದ. ಬೋಂಡ ಬುಟ್ಟೆ. ಬನ್ನು ಬುಟ್ಟೆ. ಕಾಫಿಗೆ ಬೆಲ್ಲ ಬುಟ್ಟೆ, ಅದು ಕಷಾಯ ಕುಡ್ದಂಗೆ ಐತೆ, ಆದ್ರೂ ಕುಡೀತೀನಿ. ಮೊಟ್ಟೆ ದಿನಕ್ಕೊಂದು. ಹುರುಳಿನೋ ಅವರೆನೋ ಒಂದು ಕಾಳು ಇದ್ದೇ ಇರ್ತದೆ.

ಅವತ್ತು ನೀನು ಬಸ್ಸಿಳಿದು ಸೀದಾ ಒಲೆ ತಾವ್ಕೆ ಬಂದು ಕೂತೆ. ನಾನು ತಿರುವ್ತಾ ಇದ್ರೆ ಕೋಲು ಕೈಯಿಂದ ಜಾರ್ತಿತ್ತು, ಮೂರು ವರ್ಷದಲ್ಲಿ ಕೈಗೆ ಅಭ್ಯಾಸ ತಪ್ಪಿತ್ತು. ಹಿಟ್ಟು ಗಂಟು ಗಂಟಾಯ್ತು. ನೀನು ಅದ್ನೇ ಎರಡು ಮುದ್ದೆ ನುಂಗ್ದೆ. ‘ಅಳ್ತಾ ಉಣ್ಬ್ಯಾಡ, ನೆತ್ತಿಗೇರ್ತದೆ’ ಅಂದ್ರೂ ಕೇಳ್ನಿಲ್ಲ. ನಂಗೆ ಮಾತ್ರ ಒಂದೇ ಮುದ್ದೆ ಅಂತ ಅಳ್ತೆ ಹಾಕ್ಕೊಟ್ಟೆ. ‘ಮುದ್ದೆನೂ ಔಷಧಿ ಅಲ್ಲ ಚಿಕ್ಕವ್ವ, ಜಾಸ್ತಿ ಉಂಡ್ರೆ ಅದೂ ಸಕ್ಕರೆನೇ’ ಅಂದೆ.

ಆ ಅಳ್ತೆ ವಿಷ್ಯನೇ ಈಗ ಹೇಳ್ಬೇಕಾಗಿರೋದು.

ನೀನು ಓದ ಸೋಮವಾರ ರಜ ಮುಗಿಸ್ಕಂಡು ಹೊರಟೆ. ಮಾರನೇ ದಿನ ನಾನೊಬ್ಳೇ ಒಲೆ ಹಚ್ಚಿ ಹಿಟ್ಟು ತಿರುವ್ದೆ. ಒಬ್ಳಿಗೆ ಎಷ್ಟು ಹಾಕ್ಬೇಕು ಅಂತ ಈ ಕೈಗೆ ಯಾವತ್ತೂ ಗೊತ್ತಿರ್ನಿಲ್ಲ ಕಣವ್ವ. ಎರಡು ಮುದ್ದೆ ಆಯ್ತು. ಒಂದು ಉಂಡೆ. ಇನ್ನೊಂದ ತಟ್ಟೇಲಿ ಮಡಗಿ ಮುಚ್ಚಿ, ಹನ್ನೊಂದರ ಬಸ್ಸು ಬರಗಂಟ ಜಗಲೀಲಿ ಕೂತಿದ್ದೆ. ಬಸ್ಸು ಬಂತು. ಯಾರೋ ಇಬ್ರು ಇಳುದ್ರು, ನೀನಲ್ಲ. ನೀನು ಬರಾಕಿಲ್ಲ ಅಂತ ನಂಗೇನು ಗೊತ್ತಿರ್ನಿಲ್ವಾ, ಗೊತ್ತಿತ್ತು. ಒಳಕ್ಕೆ ಬಂದು ಆ ಮುದ್ದೆನೂ ನಾನೇ ಉಂಡೆ.

ಬುಧವಾರನೂ ಅಂಗೇ ಆಯ್ತು. ಗುರುವಾರ ವಸಿ ಕಮ್ಮಿ ಹಾಕಿ ನೋಡ್ದೆ, ಆದ್ರೂ ಎರಡೇ ಆಯ್ತು, ಸಣ್ಣವು. ಇವತ್ತಿನ ಗಂಟ ಅಂಗೇ ನಡ್ದೈತೆ. ನಾಳೆ ಸಕ್ಕರೆ ಜಾಸ್ತಿ ಬಂದ್ರೆ ಅದ್ಕೆ ಇದೇ ಕಾರಣ, ಬ್ಯಾರೆ ಏನೂ ಕದ್ದು ತಿಂದಿಲ್ಲ. ಬಯ್ಯೋದಾದ್ರೆ ಬೈ. ಆದ್ರೆ ಈ ಸಲ ರಕ್ತ ಹೇಳೋಕೆ ಮೊದಲೇ ನಾನೇ ಬಾಯಿಬಿಟ್ಟು ಹೇಳಿವ್ನಿ, ಅದ್ನ ನೆನಪಲ್ಲಿ ಮಡಿಕ್ಕೊ.

ಕಾಗದದ ಕೊನೇಲಿ ನಾನು ಯಾವಾಗ್ಲೂ ಒಂದು ಮಾತು ಬರೀತಿದ್ದೆ. ಇವತ್ತು ಅದ್ನ ಬರಿಯಾಕಿಲ್ಲ. ನಾನು ಚೆನ್ನಾಗಿಲ್ಲ ಕಣವ್ವ. ಬಾ.

ನಿನ್ನ ಅವ್ವ